ಕಬ್ಬಿಣದ ಬೈಂಡರ್ ಅಲ್ಲ, ಇಂಗಾಲದ ಲೆಕ್ಕ ತಪ್ಪಿದ್ದು

ಕಾರ್ಬೈಡ್ ಕಣಗಳನ್ನು ಹಿಡಿದಿಡುವ ಲೋಹದಲ್ಲಿ, ಅಂದರೆ ಬೈಂಡರಿನಲ್ಲಿ, ಕೋಬಾಲ್ಟ್ ತೆಗೆದು ಕಬ್ಬಿಣ-ನಿಕ್ಕಲ್ ಹಾಕಿದರೆ ಟಂಗ್‌ಸ್ಟನ್ ಕಾರ್ಬೈಡ್ 'ಸಹಜವಾಗಿಯೇ ಪೆಡಸಾಗುತ್ತದೆ' (ಸುಲಭವಾಗಿ ಒಡೆಯುತ್ತದೆ) ಎಂದು, ಈ ಎರಡು ಬೈಂಡರುಗಳನ್ನು ಹೋಲಿಸಿದ ಲೇಖನವೊಂದು ಹೇಳುವ ಮಾತು ಒಪ್ಪುವಂಥದ್ದಲ್ಲ. ಪೆಡಸುತನಕ್ಕೆ ಬಹುಪಾಲು ಕಾರಣ ಈಟಾ ಫೇಸ್, ಅಂದರೆ ಇಂಗಾಲ ಸಾಲದಾದಾಗ ಟಂಗ್‌ಸ್ಟನ್, ಬೈಂಡರ್ ಲೋಹ, ಇಂಗಾಲ ಸೇರಿ ಆಗುವ ಪೆಡಸು ಸಂಯುಕ್ತ. ಕಬ್ಬಿಣವಿದ್ದಾಗ ಸರಿಯಾದ ಇಂಗಾಲ ಪ್ರಮಾಣದ ವ್ಯಾಪ್ತಿ ಕೋಬಾಲ್ಟಿನದಕ್ಕಿಂತ ಕಿರಿದು, ಹೆಚ್ಚು ಇಂಗಾಲದ ಕಡೆಗೂ ಸರಿದಿರುತ್ತದೆ. ಕೋಬಾಲ್ಟಿಗೆ ಹೊಂದುವ 6.13% ಇಂಗಾಲದ ಕಾರ್ಬೈಡ್ ಪುಡಿಯನ್ನೇ ತಂದು, ಏನೂ ಸೇರಿಸದೆ ಸಿಂಟರ್ ಮಾಡಿದರೆ (ಕಾಯಿಸಿ ಗಟ್ಟಿ ತುಂಡಾಗಿ ಬೆಸೆದರೆ) ಈಟಾ ಬಂದೇ ಬರುತ್ತದೆ. ಪುಡಿಯ ಆಕ್ಸಿಜನ್ನೂ ಇಂಗಾಲ ತಿನ್ನುತ್ತದೆ: 0.2% ಆಕ್ಸಿಜನ್ ಕಾರ್ಬನ್ ಮಾನಾಕ್ಸೈಡ್ ಆಗಿ ಹೋದರೆ 0.15% ಇಂಗಾಲ ಖೋತಾ. ಇಷ್ಟನ್ನು ಪುಡಿಗಳನ್ನು ಅರೆದು ಬೆರೆಸುವ ಮಿಲ್ಲಿಂಗ್ ಹಂತದಲ್ಲೇ ಕಾರ್ಬನ್ ಬ್ಲ್ಯಾಕ್ (ನುಣ್ಣನೆಯ ಇಂಗಾಲದ ಪುಡಿ) ಹಾಕಿ ತುಂಬಬೇಕು. ಅತಿಯಾದರೆ ಗ್ರಾಫೈಟ್ ಕೂರುತ್ತದೆ, ಅದೂ ಬಿರುಕಿಗೆ ದಾರಿ.

ಪಾಲಿಶ್ ಮಾಡಿದ ಮೈಗೆ ಮುರಕಾಮಿ ದ್ರಾವಣ (ಸೂಕ್ಷ್ಮದರ್ಶಕದಲ್ಲಿ ಒಳರಚನೆ ಕಾಣುವಂತೆ ಮೈಯನ್ನು ಕೊರೆಯುವ ರಾಸಾಯನಿಕ) ಕೆಲವೇ ಸೆಕೆಂಡು ತಾಗಿಸಿದರೆ ಈಟಾ ಕಿತ್ತಳೆ-ಕಂದಾಗಿ ಎದ್ದು ಕಾಣುತ್ತದೆ. ಆ ಚಿತ್ರ ಲೇಖನದಲ್ಲಿಲ್ಲ. ಕಾಂತೀಯ ಸ್ಯಾಚುರೇಷನ್ (ತುಂಡು ಗರಿಷ್ಠ ಎಷ್ಟು ಕಾಂತವಾಗಬಲ್ಲದು) ಅಂಕಿ ಕೊಟ್ಟು 'ಇಂಗಾಲ ಸರಿಯಿದೆ' ಅಂದರೆ ಸಾಲದು. ಇಲ್ಲಿ ಕಬ್ಬಿಣದ ಬೈಂಡರಿನಲ್ಲಿ ಆಸ್ಟೆನೈಟ್ ಎಷ್ಟು, ಮಾರ್ಟೆನ್‌ಸೈಟ್ ಎಷ್ಟು (ಎರಡೂ ಕಬ್ಬಿಣ ಮಿಶ್ರಲೋಹದ ಬೇರೆ ಬೇರೆ ಹರಳು ರೂಪಗಳು) ಎಂಬುದರ ಮೇಲೂ ಆ ಅಂಕಿ ಕುಣಿಯುತ್ತದೆ.

ಸಮ ತೂಕದ ಬೈಂಡರುಗಳ ಹೋಲಿಕೆಯೂ ಸರಿಯಿಲ್ಲ. ತೂಕದಲ್ಲಿ 10% ಕೋಬಾಲ್ಟ್ ಎಂದರೆ ಗಾತ್ರದಲ್ಲಿ ಸುಮಾರು 16%; ಅದೇ ತೂಕದ 85:15 ಕಬ್ಬಿಣ-ನಿಕ್ಕಲ್ ಸುಮಾರು 18%. ಬೈಂಡರ್ ಹೆಚ್ಚಿದಷ್ಟೂ ಗಡಸುತನ ಇಳಿಯಬೇಕು; ಬೈಂಡರ್ ಹೆಚ್ಚಿದ್ದೂ ಅದು ಏರಿದ್ದರೆ ಮೊದಲು ಕಾರ್ಬೈಡ್ ಕಣದ ಗಾತ್ರ ಅಳೆಯಿರಿ: ಕಬ್ಬಿಣದಲ್ಲಿ ಕಾರ್ಬೈಡ್ ಕಡಿಮೆ ಕರಗುವುದರಿಂದ ಕಣ ದಪ್ಪವಾಗುವುದೂ ಕಡಿಮೆ.