ಮತ್ತೆ ಅದೇ ಎಫ್1

ಬೆಳಿಗ್ಗೆ ಲ್ಯಾಪ್‌ಟಾಪ್ ಹಾಕಿದರೆ ಮತ್ತೆ ಅದೇ ಕಪ್ಪು ಪರದೆ. ‘ಸಿಮಾಸ್ ಚೆಕ್‌ಸಮ್ ಎರರ್’, ಅಂದರೆ ಶುರುವಾಗಲು ಬೇಕಾದ ಸೆಟ್ಟಿಂಗ್‌ಗಳ ನೆನಪು ಕೆಟ್ಟಿದೆ ಅಂತ. ಮುಂದೆ ಹೋಗಲು ಎಫ್1 ಒತ್ತಬೇಕಂತೆ. ಎಷ್ಟು ಸಲ ಒತ್ತಲಿ?

ಮಡಿಕೇರಿ ಮಳೆಗೆ ಕರೆಂಟ್ ಉಳಿಯುವುದುಂಟಾ? ಲ್ಯಾಪ್‌ಟಾಪಿನ ದೊಡ್ಡ ಬ್ಯಾಟರಿ ಎಂದೋ ಸತ್ತಿದೆ. ಕರೆಂಟ್ ಹೋದಾಗಲೆಲ್ಲ ತಾರೀಖು 2009ಕ್ಕೆ ಓಡುತ್ತದೆ. ತಾರೀಖು ತಪ್ಪಿದರೆ ಬ್ಯಾಂಕಿನ ಸೈಟ್ ‘ಸುರಕ್ಷಿತವಲ್ಲ’ ಅಂತ ಬಾಗಿಲು ಹಾಕುತ್ತದೆ. ಇವತ್ತೇ ಮಗಳ ಕಾಲೇಜು ಫೀಸಿಗೆ ಕೊನೆ ದಿನ!

ಇಷ್ಟಕ್ಕೆಲ್ಲ ಕಾರಣ ಒಳಗೆ ಸತ್ತಿರುವ ನಾಣ್ಯದಷ್ಟು ಸಿಆರ್2032 ಬ್ಯಾಟರಿ, ಬರೀ 3 ವೋಲ್ಟ್. ಕರೆಂಟ್ ಇಲ್ಲದಾಗ ತಾರೀಖು, ಸೆಟ್ಟಿಂಗ್ ನೆನಪಿಡುವುದು ಅದೇ. ಡೆಸ್ಕ್‌ಟಾಪಿನಲ್ಲಾದರೆ ಉಗುರಲ್ಲೇ ಎಬ್ಬಿಸಬಹುದು. ಇದರಲ್ಲಿ ಕೀಬೋರ್ಡ್‌ವರೆಗೂ ಬಿಚ್ಚಬೇಕು. ಬಿಚ್ಚಿದರೆ, ವೈರ್ ಇರುವ ಬ್ಯಾಟರಿಯೇ ಬೇಕು. ಅದು ಪೇಟೆಯಲ್ಲಿಲ್ಲ.

ಅಂಗಡಿಯವರದು ಒಂದೇ ಮಾತು, ‘ಹೊಸದು ತಗೊಳ್ಳಿ ಸಾರ್’. ಚೆನ್ನಾಗಿ ಓಡುವ ಯಂತ್ರವನ್ನು ಸುಮ್ನೆ ಬಿಸಾಡೋದಾ?