ಹೊಳಪು ಬಂತು, ಮಾನ ಹೋಯ್ತು

ಪುಟ್ಟ ಹಳೇ ಊರು, ಇಕ್ಕಟ್ಟಿನ ಬೀದಿ. ಅದರ ತುಂಬಾ ಹಳೇ ಸಾಮಾನಿನ ಸಂತೆ, ನಡುನಡುವೆ ಕೂತು ಚಿತ್ರ ಬರೆಯುವ ಕಲಾವಿದರು. ಈ ಉತ್ಸವಕ್ಕೆ ಅಂತ ನಾನು ಒಂದು ವಾರ ಕೂತು ಓದಿಕೊಂಡು ಹೋಗಿದ್ದೆ. ಅದೇ ತಪ್ಪಾಗಿದ್ದು.

ಮೊದಲ ಅಂಗಡಿಯಲ್ಲೇ ಒಂದು ಮರದ ಪೆಟ್ಟಿಗೆ. "200 ವರ್ಷದ್ದು ಸಾರ್" ಅಂದರು. ಮುಚ್ಚಳ ಎತ್ತಿ ಕೀಲು ನೋಡಿದೆ. ಪ್ಲಸ್ ತಲೆಯ ಸ್ಕ್ರೂ! ಫಿಲಿಪ್ಸ್ ಅನ್ನೋ ಈ ಸ್ಕ್ರೂಗೆ ಪೇಟೆಂಟ್ ಸಿಕ್ಕಿದ್ದೇ 1936ರಲ್ಲಿ ಅಂತ ಸುತ್ತಲಿದ್ದವರಿಗೆಲ್ಲ ಕೇಳೋ ಹಾಗೆ ಹೇಳಿದೆ. ಅಂಗಡಿಯವರು ತಣ್ಣಗೆ, "ಕೀಲು ಮುರಿದಿತ್ತು, ನಮ್ಮಪ್ಪ ಹೊಸದು ಹಾಕಿಸಿದರು" ಅಂದುಬಿಟ್ಟರು. ಅದೂ ಸರಿಯೇ, ಕೀಲು ಬದಲಾಯಿಸಿದ ಮಾತ್ರಕ್ಕೆ ಮರದ ವಯಸ್ಸು ಇಳಿಯುತ್ತದಾ?

ಆದ ಅವಮಾನ ಮುಚ್ಚಿಕೊಳ್ಳೋಕೆ ಪಕ್ಕದ ಅಂಗಡಿಯಲ್ಲಿ ಒಂದು ಹಿತ್ತಾಳೆ ಮಸಿಕುಡಿಕೆ ಕೊಂಡೆ. ಮೈಯೆಲ್ಲ ಕಂದು ಬಣ್ಣ, ಸಂದಿಯಲ್ಲಿ ಹಸಿರು ಕಿಲುಬು, ತಳದಲ್ಲಿ ಯಾರೋ ಮೊಳೆಯಿಂದ ಗೀಚಿದ ಎರಡು ಅಕ್ಷರ. ರಾತ್ರಿ ರೂಮಿನಲ್ಲಿ ಹಳೇ ಟೂತ್‌ಬ್ರಶ್ ಹಿಡಿದು ಕೂತೆ. "ಸುಮ್ನೆ ಬಿಡ್ರೀ, ಹಂಗೇ ಚೆನ್ನಾಗಿದೆ" ಅಂದಳು ನನ್ನವಳು. ಕೇಳಿದರೆ ತಾನೇ? ಪಾಲಿಶ್ ಹಚ್ಚಿ ಎರಡು ಗಂಟೆ ತಿಕ್ಕಿದೆ. ಉಗುರೆಲ್ಲ ಕಪ್ಪಾಯಿತು, ಆದರೆ ಕುಡಿಕೆಯಲ್ಲಿ ನನ್ನ ಮುಖ ಕಾಣುತ್ತಿತ್ತು. ಆ ಎರಡು ಅಕ್ಷರ ಮಾತ್ರ ಕಾಣಲಿಲ್ಲ.

ಬೆಳಗ್ಗೆ ಬೆಲೆ ಕಟ್ಟುವವರ ಮೇಜಿನ ಮೇಲೆ ಜಂಬದಿಂದ ಇಟ್ಟೆ. ಅಲ್ಲಿದ್ದ ವಯಸ್ಸಾದ ಮೇಡಂ ಭೂತಗನ್ನಡಿ ಎತ್ತಿಕೊಂಡವರು ಹಾಗೇ ಕೆಳಗಿಟ್ಟರು.

"ತಿಕ್ಕಿದ್ರಾ?"

"ಹೌದು ಮೇಡಂ, ಎರಡು ಗಂಟೆ."

"ನೂರು ವರ್ಷ ಕೂತು ಬಂದ ಬಣ್ಣ ಅದು. ಜನ ದುಡ್ಡು ಕೊಡೋದೇ ಅದಕ್ಕೆ."

ಹಿತ್ತಾಳೆಯಲ್ಲಿ ತಾಮ್ರ ಇರುತ್ತದಲ್ಲ, ಅದು ಗಾಳಿ, ತೇವ, ಕೈಬೆವರು ಎಲ್ಲ ತಾಗಿ ನಿಧಾನಕ್ಕೆ ಆ ಬಣ್ಣಕ್ಕೆ ತಿರುಗುತ್ತದಂತೆ. ಪಟಿನಾ ಅಂತಾರೆ. ಸ್ಕ್ರೂ ಬಗ್ಗೆ ಓದಿದವನು ಇನ್ನೆರಡು ಪುಟ ತಿರುವಿದ್ದರೆ ಇದೂ ಸಿಗುತ್ತಿತ್ತೇನೋ.

ಕಾಲು ಸೋತು ಪಕ್ಕದಲ್ಲಿದ್ದ ಖಾಲಿ ಕುರ್ಚಿಯ ಮೇಲೆ ಕೂತೆ. "ಅಯ್ಯೋ, ಹಸಿ ಇದೆ!" ಅಂತ ಕಲಾವಿದರೊಬ್ಬರು ಬ್ರಶ್ ಹಿಡಿದುಕೊಂಡೇ ಓಡಿ ಬಂದರು. ಎದ್ದು ನೋಡಿದರೆ ಪ್ಯಾಂಟಿನ ಹಿಂದೆ ಅಂಗೈಯಗಲ ಹಸಿರು, ಥೇಟ್ ರಾತ್ರಿ ನಾನು ತಿಕ್ಕಿ ತೆಗೆದ ಕಿಲುಬಿನ ಬಣ್ಣ.

ನನ್ನವಳು ಬಗ್ಗಿ ನೋಡಿದಳು. "ಇದನ್ನ ಮಾತ್ರ ತಿಕ್ಕಬೇಡಿ, ರೇಟ್ ಇಳಿದುಹೋಗುತ್ತೆ."