ಗೆದ್ದವನೇ ಸೀಟು ಖಾಲಿ ಮಾಡಬೇಕಾದ ಟೀಮು

ಬೆಳಿಗ್ಗೆ ಬಳ್ಳಾರಿಯಲ್ಲಿ ಒಗ್ಗರಣೆ ಮಿರ್ಚಿ ತಿನ್ನುತ್ತಾ ಫಾರ್ಮುಲಾ 2 ಕಾರ್ ರೇಸ್ ಬಗ್ಗೆ ಜಗಳ ಆಡುವವರು ಬಹುಶಃ ನಾವಿಬ್ಬರೇ. ನಾನು ಮತ್ತು ನಮ್ಮ ಚಿಕ್ಕಪ್ಪನ ಮಗ. ಅವನದು ಒಂದೇ ತಕರಾರು, ಬೆಂಗಳೂರಿನ ರೇಸ್ ಡ್ರೈವರ್ ಕುಶ್ ಮೈನಿ ಮತ್ತು ಅವನು 2024ರಲ್ಲಿದ್ದ ಎಫ್2 ಟೀಮು ಇನ್ವಿಕ್ಟಾ ಬಗ್ಗೆ. "ಅಣ್ಣ, ನಮ್ಮ ಕುಶ್ ಮೈನಿನ ಇನ್ವಿಕ್ಟಾದವರು ಒಂದೇ ವರ್ಷಕ್ಕೆ ಕಳಿಸಿಬಿಟ್ರು. ಜೊತೆಗಿದ್ದವನು ನೋಡಿದ್ರೆ ಎಫ್1ಗೆ ಹೋದ. ಮೋಸ ಅಲ್ವಾ?"

ಅಲ್ಲಪ್ಪ, ಅಲ್ಲ. ಬಾಯಿ ತುಂಬಾ ಮಿರ್ಚಿ ಇಟ್ಟುಕೊಂಡು ಇದನ್ನೆಲ್ಲ ಪೂರ್ತಿ ಹೇಳೋಕೆ ಆಗಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಅವನು ಓದುತ್ತಾನೆ, ಗೊತ್ತು.

ಎಫ್2 ಅಂದರೆ ಫಾರ್ಮುಲಾ 2, ಕಾರ್ ರೇಸಿನ ತುದಿಯಾದ ಎಫ್1ಗಿಂತ (ಫಾರ್ಮುಲಾ 1) ಒಂದೇ ಮೆಟ್ಟಿಲು ಕೆಳಗೆ. ಎಲ್ಲ ಟೀಮಿಗೂ ಅದೇ ಡಲ್ಲಾರಾ ಕಾರು, ಅದೇ ಮೆಕಾಕ್ರೋಮ್ ಎಂಜಿನ್ನು, ಅದೇ ಪಿರೆಲ್ಲಿ ಟೈರು. ಟೀಮಿಗೆ ಎರಡೇ ಕಾರು. ಸ್ವಂತ ಕಾರು ಕಟ್ಟುವ ಹಾಗಿಲ್ಲ. ಇದ್ದ ಕಾರನ್ನು ಹದಕ್ಕೆ ತರಬೇಕು, ಹುಡುಗನನ್ನು ತಯಾರು ಮಾಡಬೇಕು, ಅಷ್ಟೇ. ಮೇಲೆ ಒಂದು ರೂಲು ಬೇರೆ ಇದೆ. ಒಮ್ಮೆ ಚಾಂಪಿಯನ್ ಆದವನು ಮತ್ತೆ ಎಫ್2 ಓಡಿಸುವ ಹಾಗಿಲ್ಲ. ಅಂದರೆ ಟೀಮು ತನ್ನ ಕೆಲಸ ಚೆನ್ನಾಗಿ ಮಾಡಿದಷ್ಟೂ ಒಳ್ಳೆಯ ಡ್ರೈವರ್ ಕೈಬಿಟ್ಟು ಹೋಗುತ್ತಾನೆ.

ಈಗ ಈ ಇನ್ವಿಕ್ಟಾ ಕಥೆ ಕೇಳಿ. ಬೇರು ಹುಡುಕುತ್ತಾ ಹೋದರೆ ಸಿಗುವುದು ಐಸ್ಪೋರ್ಟ್ ಅನ್ನೋ ಟೀಮು. ಎಫ್2ಗೆ ಆಗ ಜಿಪಿ2 ಅಂತ ಹೆಸರು. 2005ರಲ್ಲಿ ಅಲ್ಲಿದ್ದ ಸ್ಕಾಟ್ ಸ್ಪೀಡ್ ಮರುವರ್ಷವೇ ಟೋರೊ ರೊಸ್ಸೊ ಸೇರಿ ಎಫ್1 ಓಡಿಸಿದ. 2007ರಲ್ಲಿ ಟಿಮೊ ಗ್ಲಾಕ್ ಚಾಂಪಿಯನ್ ಆದ, ಟೊಯೋಟಾದ ಎಫ್1 ಟೀಮಿಗೆ ಹೋದ. 2008ರಲ್ಲಿ ಬಂದ ಜೋಡಿ ನನಗೆ ತುಂಬಾ ಇಷ್ಟ. ಒಬ್ಬ ಎಫ್1 ದಂತಕಥೆ ಐರ್ಟನ್ ಸೆನ್ನಾ ಅಕ್ಕನ ಮಗ ಬ್ರೂನೊ ಸೆನ್ನಾ. ಇನ್ನೊಬ್ಬ ಚೆನ್ನೈನ ನಮ್ಮ ಕರುಣ್ ಚಂದೋಕ್. ಸೆನ್ನಾ ಆ ವರ್ಷ ಎರಡನೇ ಸ್ಥಾನ. ಚಂದೋಕ್ ಹಾಕೆನ್‌ಹೈಮ್‌ನಲ್ಲಿ ಒಂದು ರೇಸ್ ಗೆದ್ದ. ಆಮೇಲೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಮಜಾ ಅಂದರೆ 2010ರಲ್ಲಿ ಎಚ್‌ಆರ್‌ಟಿ ಅನ್ನೋ ಬಡ ಎಫ್1 ಟೀಮಿನಲ್ಲಿ ಇಬ್ಬರೂ ಮತ್ತೆ ಅಕ್ಕಪಕ್ಕ ಕೂತರು!

ಐಸ್ಪೋರ್ಟ್‌ಗೆ ಮುಂದೆ ದುಡ್ಡಿನ ಕಷ್ಟ ಬಂತು. 2013ರಲ್ಲಿ ಅದರ ಜಾಗಕ್ಕೆ ರಷ್ಯನ್ ಟೈಮ್ ಬಂತು, ಬಂದ ವರ್ಷವೇ ಟೀಮ್ ಟ್ರೋಫಿ ಎತ್ತಿಕೊಂಡು ಹೋಯಿತು. ಕೆಲ ವರ್ಷದಲ್ಲಿ ವಿರ್ಚುಯೋಸಿಯವರು ಅದನ್ನು ನಡೆಸತೊಡಗಿದರು. 2019ರಲ್ಲಿ ಹೆಸರೂ ಅವರದೇ ಆಯಿತು, ಯೂನಿ-ವಿರ್ಚುಯೋಸಿ. ಆಮೇಲೆ ಬರೀ ವಿರ್ಚುಯೋಸಿ. 2023ರಲ್ಲಿ ಇನ್ವಿಕ್ಟಾ ವಿರ್ಚುಯೋಸಿ. 2024ರಲ್ಲಿ ಇನ್ವಿಕ್ಟಾ. ನಮ್ಮೂರಲ್ಲಿ ಬೋರ್ಡು ಬದಲಾಗುತ್ತಾ ಹೋಗುವ ಬಟ್ಟೆ ಅಂಗಡಿಗಳ ಹಾಗೆ.

ಈ ಸೀಟುಗಳಲ್ಲಿ ಕೂತು ಎದ್ದವರನ್ನು ನೋಡಿ. ಚೀನಾದ ಗುವಾನ್‌ಯು ಝೌ ಒಂದಲ್ಲ, ಮೂರು ವರ್ಷ ಅಲ್ಲೇ ಇದ್ದ. 2022ರಲ್ಲಿ ಎಫ್1 ಸೇರಿದ, ಆ ದೇಶದ ಮೊದಲ ಎಫ್1 ಡ್ರೈವರ್. 2020ರಲ್ಲಿ ಅವನ ಜೊತೆಗಿದ್ದ ಕ್ಯಾಲಮ್ ಐಲಟ್ ಝೌಗಿಂತ ಎಷ್ಟೋ ಮೇಲೆ, ಎರಡನೇ ಸ್ಥಾನದಲ್ಲಿ ಮುಗಿಸಿದ. ಅವನಿಗೆ ಎಫ್1 ಸೀಟು ಸಿಗಲೇ ಇಲ್ಲ, ಅಮೆರಿಕದ ಇಂಡಿಕಾರ್‌ಗೆ ಹೋದ. ತಮ್ಮಾ, ಮೋಸ ಅಂತ ಅಳಬೇಕಿದ್ದರೆ ಐಲಟ್‌ಗಾಗಿ ಅಳು. 2021ರಲ್ಲಿ ಬಂದ ಬ್ರೆಜಿಲ್‌ನ ಡ್ರುಗೊವಿಚ್ ಇಲ್ಲಿ ಹೊಂದಿಕೊಳ್ಳಲಿಲ್ಲ. ತನ್ನ ಹಳೇ ಟೀಮು ಎಂಪಿಗೆ ವಾಪಸ್ ಹೋಗಿ 2022ರಲ್ಲಿ ಚಾಂಪಿಯನ್ನೇ ಆಗಿಬಿಟ್ಟ. ಜ್ಯಾಕ್ ಡೂಹನ್ ಎರಡು ವರ್ಷ ಇಲ್ಲಿ ಓಡಿಸಿ, ಮುಂದೆ ಎಫ್1 ಸೇರಿದ. ಅಲ್ಲಿ 2025ರಲ್ಲಿ ಆರು ರೇಸ್ ಆದ ಮೇಲೆ ಕೆಳಗಿಳಿಸಿದರು. ಹೋಗುವುದೇ ದೊಡ್ಡದಲ್ಲ, ಉಳಿಯಬೇಕಲ್ಲ.

ನಮ್ಮ ಅಪ್ಪನ ಹತ್ತಿರ ಒಂದು ಟಿಪ್ಪರ್ ಇತ್ತು. ಸಂಡೂರು ಕಡೆ ಅದಿರು ಹೊಡೆಯುತ್ತಿದ್ದ ಕಾಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ನಿಲ್ಲಿಸುವ ತನಕ ಅದೇ ನಮ್ಮ ಅನ್ನ. ಅದರಲ್ಲಿ ಎಷ್ಟು ಜನ ಕ್ಲೀನರ್ ಹುಡುಗರು ಬಂದು ಹೋದರೋ ಲೆಕ್ಕ ಇಲ್ಲ. ಜಾಕ್ ಹಾಕೋದು ಕಲಿಯುತ್ತಿದ್ದರು. ಗ್ರೀಸ್ ಹೊಡೆಯೋದು ಕಲಿಯುತ್ತಿದ್ದರು. ಖಾಲಿ ರೋಡಿನಲ್ಲಿ ಸ್ವಲ್ಪ ಸ್ವಲ್ಪ ಸ್ಟೇರಿಂಗ್ ಹಿಡಿಯುತ್ತಿದ್ದರು. ಲೈಸೆನ್ಸ್ ಕೈಗೆ ಬಂದ ತಿಂಗಳೇ ಇನ್ನೊಬ್ಬ ಮಾಲೀಕನ ಗಾಡಿಗೆ ಡ್ರೈವರ್! "ಉಣ್ಣಾಕ ಹಾಕಿ, ಕಲಿಸಿ, ಮಂದಿಗೆ ಕೊಡ್ತೀರಿ" ಅಂತ ಅಮ್ಮ ಬೈಯುತ್ತಿದ್ದಳು. ಅಪ್ಪ ನಗುತ್ತಿದ್ದರು. "ನಮ್ಮ ಗಾಡಿಗಿರೋದು ಒಂದೇ ಸ್ಟೇರಿಂಗು. ಅದನ್ನ ನಾನೇ ಹಿಡಿದೀನಿ. ಅವನಿಗೇನು ಕೊಡ್ಲಿ?"

ನನಗೆ ಜೂನಿಯರ್ ಟೀಮು ಅರ್ಥ ಆಗಿದ್ದೇ ಈ ಮಾತಿನಿಂದ. ಇನ್ವಿಕ್ಟಾದ ಹತ್ತಿರ ಎಫ್1 ಕಾರು ಇಲ್ಲ. ಹುಡುಗ ಬೆಳೆದರೆ ಕಳಿಸಬೇಕು, ಬೆಳೆಯದಿದ್ದರೂ ಕಳಿಸಬೇಕು. ಒಂದು ವ್ಯತ್ಯಾಸ ಮಾತ್ರ ಇದೆ, ಅದು ನನಗೆ ಹಿಡಿಸಲ್ಲ. ಕ್ಲೀನರ್‌ಗೆ ಅಪ್ಪ ಸಂಬಳ ಕೊಡುತ್ತಿದ್ದರು. ಎಫ್2ನಲ್ಲಿ ಹುಡುಗನ ಕಡೆಯವರೇ ಟೀಮಿಗೆ ದುಡ್ಡು ತರಬೇಕು. ಅಪ್ಪ ಅಮ್ಮನೋ, ಸ್ಪಾನ್ಸರ್ರೋ, ಯಾವುದಾದರೂ ಎಫ್1 ಕಂಪನಿಯೋ. ಒಂದು ಸೀಸನ್ನಿಗೆ ಕೋಟಿಗಟ್ಟಲೆ. ಸೀಟು ಬಾಡಿಗೆ ಮನೆ ಇದ್ದ ಹಾಗೆ. "ತೆಗೆದು ಹಾಕಿದರು" ಅನ್ನೋ ಮಾತು ಇಲ್ಲಿ ಅರ್ಧ ಮಾತ್ರ ನಿಜ. ನಮ್ಮ ಬಳ್ಳಾರಿ ಕಡೆಯಿಂದ ಯಾಕೆ ಒಬ್ಬನೂ ಇಲ್ಲ ಅಂತ ಕೇಳುವವರಿಗೂ ಇದೇ ಉತ್ತರ. ಎಂಟು ವರ್ಷದ ಹುಡುಗನಿಗೆ ಗೋ-ಕಾರ್ಟ್ ಕೊಡಿಸಿ ವಾರವಾರ ಬೆಂಗಳೂರಿಗೆ ಕರೆದುಕೊಂಡು ಹೋಗುವ ಅಪ್ಪ ಬೇಕು.

ಇನ್ನು 2024. ಬ್ರೆಜಿಲ್‌ನ ಗೇಬ್ರಿಯೆಲ್ ಬೊರ್ಟೊಲೆಟೊ, ಬೆಂಗಳೂರಿನ ಕುಶ್. ಒಂದೇ ಗ್ಯಾರೇಜು. ಬಹ್ರೇನ್‌ನಲ್ಲಿ ಮೊದಲ ಕ್ವಾಲಿಫೈಯಿಂಗ್‌ನಲ್ಲೇ ಕುಶ್ ಪೋಲ್ ಹೊಡೆದ, ಅಂದರೆ ರೇಸಿಗೆ ಎಲ್ಲರಿಗಿಂತ ಮುಂದಿನ ಜಾಗ. ಕುಣಿದಾಡಿದ್ದೆವು. ಕಾರು ಟೆಕ್ನಿಕಲ್ ರೂಲಿಗೆ ಸರಿ ಇಲ್ಲ ಅಂತ ಪೋಲ್ ಕಿತ್ತುಕೊಂಡರು. ಅದು ಹೋಗಿದ್ದು ಯಾರಿಗೆ? ಬೊರ್ಟೊಲೆಟೊಗೆ! ಮುಂದಿನ ವಾರ ಜೆಡ್ಡಾದಲ್ಲಿ ಪೋಲ್ ಹೊಡೆದಿದ್ದ ಬೇರ್‌ಮನ್‌ನನ್ನು ಫೆರಾರಿ ಎಫ್1ಗೆ ಕರೆಸಿಕೊಂಡಿತು. ಫೆರಾರಿಯ ಡ್ರೈವರ್ ಸೈಂಜ್‌ಗೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಆ ಪೋಲ್ ಕುಶ್‌ಗೆ ಬಂತು, ರೇಸಿನಲ್ಲಿ ಎರಡನೆಯವನಾದ. ಬುಡಾಪೆಸ್ಟ್‌ನ ಚಿಕ್ಕ ರೇಸಾದ ಸ್ಪ್ರಿಂಟ್‌ನಲ್ಲಿ ಮುಂದಿದ್ದವನನ್ನು ಅನರ್ಹ ಮಾಡಿದ್ದಕ್ಕೆ ಮೊದಲ ಗೆಲುವೂ ಸಿಕ್ಕಿತು. ಒಂದು ಕೈಯಲ್ಲಿ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ಕೊಟ್ಟ ವರ್ಷ ಅದು.

ಆದರೆ ಬೊರ್ಟೊಲೆಟೊ ಬೇರೆಯೇ ಲೆವೆಲ್ಲು. ಮೊನ್ಝಾದಲ್ಲಿ ಕೊನೆಯ ಜಾಗದಿಂದ, 22ನೇ ಸ್ಥಾನದಿಂದ ಶುರು ಮಾಡಿ ಗೆದ್ದ. ಅದನ್ನು ನೋಡಿದ ಮೇಲೂ ಮೋಸ ಅನ್ನುವುದಾದರೆ ನಾನೇನು ಹೇಳಲಿ? ಡ್ರೈವರ್ ಟ್ರೋಫಿ, ಟೀಮ್ ಟ್ರೋಫಿ ಎರಡೂ ಇನ್ವಿಕ್ಟಾಗೆ ಬಂತು. ಬೊರ್ಟೊಲೆಟೊ ಎಫ್1 ಟೀಮು ಸೌಬರ್‌ಗೆ ಹೊರಟ. ಕುಶ್ 13ನೇ ಸ್ಥಾನದಲ್ಲಿ ಮುಗಿಸಿ ಡ್ಯಾಮ್ಸ್ ಅನ್ನೋ ಇನ್ನೊಂದು ಎಫ್2 ಟೀಮಿಗೆ ಹೋದ. ಆಲ್ಪೀನ್ ಎಫ್1ನವರ ಜೊತೆ ಅವನ ನಂಟು ಮಾತ್ರ ಮುಂದುವರಿಯಿತು.

2025ರ ಮೇ ತಿಂಗಳಲ್ಲಿ ಮೊನಾಕೊ ಸ್ಪ್ರಿಂಟ್ ರೇಸನ್ನು ಕುಶ್ ಶುರುವಿನಿಂದ ಕೊನೆವರೆಗೂ ಮುಂದಿದ್ದು ಗೆದ್ದ. ಆ ಬೀದಿಗಳಲ್ಲಿ ಎಫ್2 ಗೆದ್ದ ಮೊದಲ ಭಾರತೀಯ. ಮರುದಿನ ಮಿರ್ಚಿ ಬಂಡಿ ಹತ್ತಿರ ತಮ್ಮನ ಮುಖ ನೋಡಬೇಕಿತ್ತು. "ನೋಡಿದ್ಯಾ ಅಣ್ಣ, ಆ ಟೀಮು ಬಿಟ್ಟಿದ್ದೇ ಒಳ್ಳೇದಾಯ್ತು."

ವರ್ಷದ ಕೊನೆಗೆ ಅದೇ ಇನ್ವಿಕ್ಟಾದಲ್ಲಿ ಇಟಲಿಯ ಲಿಯೊನಾರ್ಡೊ ಫೋರ್ನಾರೊಲಿ ಚಾಂಪಿಯನ್ ಆದ. "ಹಂಗಾದ್ರೆ ಇವನನ್ನೂ ಕಳಿಸ್ತಾರಾ?" ಅಂದ ತಮ್ಮ. ರೂಲೇ ಹಾಗಿದೆ, ಕಳಿಸಲೇಬೇಕು ಅಂದೆ.

"ಇದೆಂಥಾ ಟೀಮಣ್ಣ!" ಅಂದವನೇ ಇನ್ನೊಂದು ಪ್ಲೇಟ್ ಹೇಳಿದ. ಬಿಲ್ಲು ನನ್ನ ಲೆಕ್ಕಕ್ಕೆ.